ಉನ್ನತ ವೈದ್ಯಶಿಕ್ಷಣವೂ ಅದರ ಒರೆಗಲ್ಲೂ

ವಿದ್ಯಾರ್ಥಿಯನ್ನು ಪರೀಕ್ಷಿಸುವ ಪದ್ಧತಿಯು ಎಲ್ಲ ದೇಶಗಳಲ್ಲಿಯೂ ಪುರಾತನವಾದುದು. ಆದರೆ ಆ ವಿದ್ಯಾರ್ಥಿಗೆ ಕಲಿಸಿದ ಶಾಲೆಯನ್ನೇ ಪರೀಕ್ಷೆಗೆ ಗುರಿಮಾಡಬೇಕೆಂಬ ವಿಚಾರವು ಬಹುಮಟ್ಟಿಗೆ ಈಚಿನದು. ಇತರ ವಿದ್ಯೆಗಳಲ್ಲಿ ಶಾಲೆಯ ಕುಂದು ವಿದ್ಯಾರ್ಥಿಯ ಕುಂದಾಗಿಯೇ ಉಳಿಯಬಹುದು, ವೈದ್ಯವಿದ್ಯೆಯಲ್ಲಿ ಹಾಗಲ್ಲ. ಅಲ್ಲಿ ಗುರುಕುಲದ ದೋಷಕ್ಕೆ ದಂಡ ತೆರುವವನು ಗುರುವೂ ಅಲ್ಲ, ಶಿಷ್ಯನೂ ಅಲ್ಲ. ಇಬ್ಬರನ್ನೂ ನಂಬಿ ಬಂದ ಮೂರನೆಯವನಾದ ರೋಗಿ.

ವೈದ್ಯ ಪದವಿಯನ್ನು ಪಡೆದ ಬಳಿಕ ಶಸ್ತ್ರಚಿಕಿತ್ಸೆ, ಪ್ರಸೂತಿ, ಶಿಶುವೈದ್ಯ ಮೊದಲಾದ ಒಂದೊಂದು ಶಾಖೆಯಲ್ಲಿ ಪರಿಣತಿಯನ್ನು ಹೊಂದಲು ಮಾಡುವ ವ್ಯಾಸಂಗಕ್ಕೆ ಸ್ನಾತಕೋತ್ತರ ವೈದ್ಯಶಿಕ್ಷಣವೆಂದು ಹೆಸರು. ಈ ವ್ಯಾಸಂಗವು ಮುಖ್ಯವಾಗಿ ನಡೆಯುವುದು ಪಾಠದ ಕೊಠಡಿಯಲ್ಲಲ್ಲ, ಆಸ್ಪತ್ರೆಯ ವಾರ್ಡುಗಳಲ್ಲಿ. ಇಲ್ಲಿ ಕಲಿಯುವವನ ಕೈಗೆ ಜೀವವುಳ್ಳ ರೋಗಿಯನ್ನೇ ಒಪ್ಪಿಸಲಾಗುತ್ತದೆ. ಇಂತಹ ಶಿಕ್ಷಣವನ್ನು ಕೊಡಲು ಒಂದು ಸಂಸ್ಥೆಯು ಯೋಗ್ಯವೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಕ್ರಮವೇ ‘ಮಾನ್ಯತೆ’. ಅದು ಹೇಗೆ ಹುಟ್ಟಿತು, ಯಾವ ಯಾವ ರೂಪಗಳನ್ನು ತಾಳಿತು, ಅದು ಹಿಡಿದ ಅಳತೆಗೋಲು ಸರಿಯಾದುದೇ ಎಂಬುದನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ನಮ್ಮ ಪ್ರಾಚೀನರು ಈ ವಿಷಯವನ್ನು ಚಿಂತಿಸಲಿಲ್ಲವೆಂದು ಹೇಳುವಂತಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಅಧ್ಯಾಯವುಂಟು. ಶಾಸ್ತ್ರವನ್ನೆಲ್ಲ ಓದಿದವನಾದರೂ ಕೈಯಭ್ಯಾಸವಿಲ್ಲದವನು ಶಸ್ತ್ರಕರ್ಮಕ್ಕೆ ಅರ್ಹನಲ್ಲವೆಂಬುದು ಅದರ ತಾತ್ಪರ್ಯ. ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ, ತಾವರೆಯ ದಂಟಿನ ಮೇಲೆ ಚುಚ್ಚುವುದನ್ನೂ, ಬಟ್ಟೆಯಿಂದ ಮಾಡಿದ ಆಳಿನ ಗೊಂಬೆಯ ಮೇಲೆ ಕಟ್ಟು ಕಟ್ಟುವುದನ್ನೂ ಶಿಷ್ಯನು ಮೊದಲು ಅಭ್ಯಾಸ ಮಾಡಬೇಕು. ಮುಂದಿನ ಅಧ್ಯಾಯವು, ಹಾಗೆ ಸಿದ್ಧನಾದವನು ರಾಜನ ಅನುಜ್ಞೆಯನ್ನು ಪಡೆದು ವೃತ್ತಿಗೆ ಇಳಿಯಬೇಕೆಂದು ವಿಧಿಸುತ್ತದೆ. ಚರಕಸಂಹಿತೆಯ ವಿಮಾನಸ್ಥಾನವಾದರೋ, ಕಲಿಯಬಯಸುವವನು ಮೊದಲು ಶಾಸ್ತ್ರವನ್ನೂ ಅನಂತರ ಆಚಾರ್ಯನನ್ನೂ ಪರೀಕ್ಷಿಸಿ ಆರಿಸಿಕೊಳ್ಳಬೇಕೆಂದು ಹೇಳುತ್ತದೆ. ಗುರುವು ಶಿಷ್ಯನನ್ನು ಪರೀಕ್ಷಿಸುವನು, ಶಿಷ್ಯನು ಗುರುವನ್ನು ಪರೀಕ್ಷಿಸುವನು, ರಾಜನು ವೈದ್ಯನಿಗೆ ಅನುಜ್ಞೆ ಕೊಡುವನು. ಆದರೆ ಒಂದು ಗುರುಕುಲದಿಂದ ಹೊರಬಂದ ವೈದ್ಯರ ಕೈಯಲ್ಲಿ ರೋಗಿಗಳ ಗತಿಯೇನಾಯಿತೆಂದು ಎಣಿಸಿ, ಅದರಿಂದ ಗುರುಕುಲವನ್ನು ಅಳೆಯುವ ಕ್ರಮವನ್ನು ಈ ಸ್ಥಳಗಳಲ್ಲಿ ಹೇಳಿಲ್ಲ. ಆ ಪ್ರಶ್ನೆಯನ್ನು ಕೇಳಲು ದೊಡ್ಡ ಆಸ್ಪತ್ರೆಗಳೂ, ಅವುಗಳಲ್ಲಿ ನೂರಾರು ಜನ ಶಿಷ್ಯರೂ ಸೇರುವ ಕಾಲ ಬರಬೇಕಾಯಿತು.

ಆ ಕಾಲದ ಚರಿತ್ರೆಯು ಹೆಚ್ಚು ಸ್ಪಷ್ಟವಾಗಿ ದೊರೆಯುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ಬಾಲ್ಟಿಮೋರ್ ನಗರದಲ್ಲಿ ೧೮೮೯ನೆಯ ಇಸವಿಯಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಕಾಯಚಿಕಿತ್ಸೆಗೂ, ವಿಲಿಯಂ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆಗೂ ಮುಖ್ಯರಾಗಿದ್ದರು. ಪದವೀಧರನಾದ ತರುಣ ವೈದ್ಯನು ಆಸ್ಪತ್ರೆಯಲ್ಲಿಯೇ ವಾಸವಾಗಿದ್ದು, ವರ್ಷದಿಂದ ವರ್ಷಕ್ಕೆ ಹೆಚ್ಚುವ ಹೊಣೆಯನ್ನು ಹೊತ್ತು, ಹಿರಿಯರ ಕಣ್ಣೆದುರಿನಲ್ಲಿ ಪಳಗುವ ಕ್ರಮವನ್ನು ಇವರು ನೆಲೆಗೊಳಿಸಿದರು. ಆಸ್ಪತ್ರೆಯಲ್ಲಿ ವಾಸಿಸುವವನಾದುದರಿಂದ ಅವನಿಗೆ ‘ರೆಸಿಡೆಂಟ್’ ಎಂಬ ಹೆಸರು ಬಂದಿತು. ಆ ಹೆಸರು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಉಳಿದಿದೆ. ಹಾಲ್‌ಸ್ಟೆಡ್ಡರ ಕ್ರಮವು ಗೋಪುರದಂತಿದ್ದಿತು. ಬುಡದಲ್ಲಿ ಹಲವರು ಸೇರುವರು, ತುದಿಗೆ ಒಬ್ಬನು ಮುಟ್ಟುವನು. ಎಷ್ಟು ವರ್ಷಗಳಲ್ಲಿ ಮುಟ್ಟುವನೆಂಬುದು ಗುರುವಿನ ಇಚ್ಛೆಗೆ ಸೇರಿದ್ದಿತು. ನಮ್ಮ ಗುರುಕುಲವನ್ನು ಬಲ್ಲವರಿಗೆ ಈ ಚಿತ್ರವು ಅಪರಿಚಿತವೆನಿಸದು. ಗುರುವು ಶ್ರೇಷ್ಠನಾದಲ್ಲಿ ಈ ಕ್ರಮವು ಶ್ರೇಷ್ಠವಾಗಿದ್ದಿತು. ಗುರುವು ಸಾಮಾನ್ಯನಾದಲ್ಲಿ ಕೇಳುವವರಿರಲಿಲ್ಲ.

ಅದೇ ದೇಶದಲ್ಲಿ ಅಂದು ವೈದ್ಯಶಾಲೆಗಳೆನಿಸಿಕೊಂಡವುಗಳಲ್ಲಿ ಬಹಳವು ವ್ಯಾಪಾರದ ಅಂಗಡಿಗಳಾಗಿದ್ದವು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಎಂಬ ವೈದ್ಯರ ಸಂಘವು ೧೯೦೪ರಲ್ಲಿ ವೈದ್ಯಶಿಕ್ಷಣಕ್ಕಾಗಿ ಒಂದು ಮಂಡಲಿಯನ್ನು ನಿಯಮಿಸಿತು. ಬಳಿಕ ಕಾರ್ನೆಗಿ ಪ್ರತಿಷ್ಠಾನವು ಶಾಲೆಗಳನ್ನೆಲ್ಲ ಕಣ್ಣಾರೆ ನೋಡಿ ವರದಿ ಮಾಡಲು ಅಬ್ರಹಾಂ ಫ್ಲೆಕ್ಸ್‌ನರ್ ಎಂಬುವರನ್ನು ಕಳುಹಿಸಿತು. ಈತನು ವೈದ್ಯನಲ್ಲ, ಉಪಾಧ್ಯಾಯ. ಲೂಯಿವಿಲ್ ಎಂಬ ಊರಿನಲ್ಲಿ ಸ್ವಂತ ಶಾಲೆಯನ್ನು ನಡೆಸಿದ್ದವನು. ಅಮೆರಿಕ ಮತ್ತು ಕೆನಡ ದೇಶಗಳ ೧೫೫ ವೈದ್ಯಶಾಲೆಗಳನ್ನು ಸಂದರ್ಶಿಸಿ ಆತನು ೧೯೧೦ರಲ್ಲಿ ಪ್ರಕಟಿಸಿದ ವರದಿಯು, ಪ್ರಯೋಗಶಾಲೆಯಿಲ್ಲದವು, ಆಸ್ಪತ್ರೆಯಿಲ್ಲದವು, ವಿದ್ಯಾರ್ಥಿಯ ಶುಲ್ಕದ ಹೊರತು ಬೇರೆ ಗುರಿಯಿಲ್ಲದವು ಯಾವುವೆಂಬುದನ್ನು ಹೆಸರು ಹಿಡಿದು ಹೇಳಿತು. ಮುಂದಿನ ವರ್ಷಗಳಲ್ಲಿ ಇಂತಹ ಶಾಲೆಗಳು ಗುಂಪುಗುಂಪಾಗಿ ಮುಚ್ಚಿಹೋದವು.

ಈ ಶುದ್ಧೀಕರಣದ ಉಪಕಾರವು ದೊಡ್ಡದು. ಆದರೆ ಅದರ ಇನ್ನೊಂದು ಮುಖವನ್ನು ಮರೆಮಾಡುವುದು ಚರಿತ್ರೆಗೆ ನ್ಯಾಯವಾಗದು. ಆಫ್ರಿಕ ಮೂಲದ ಅಮೆರಿಕನರಿಗಾಗಿ ಇದ್ದ ಏಳು ವೈದ್ಯಶಾಲೆಗಳಲ್ಲಿ ಐದು ಮುಚ್ಚಿ, ಹೋವರ್ಡ್ ಮತ್ತು ಮೆಹಾರಿ ಎಂಬ ಎರಡೇ ಉಳಿದುವು. ಬೇರೆ ಶಾಲೆಗಳ ಬಾಗಿಲು ಆ ಜನಕ್ಕೆ ಬಹುಮಟ್ಟಿಗೆ ಹಾಕಿದ್ದ ಕಾಲವದು. ಆ ಜನಾಂಗದ ರೋಗಿಗಳಿಗೆ ವೈದ್ಯರ ಅಭಾವವು ಎಷ್ಟೋ ಕಾಲ ನಿಂತಿತು. ಒರೆಗಲ್ಲು ಕೇವಲ ಚಿನ್ನವನ್ನು ಆರಿಸಿದರೆ ಸಾಲದು. ಹಿತ್ತಾಳೆಯನ್ನು ಬಿಸುಟ ಮನೆಯಲ್ಲಿ ಏನು ಉಳಿಯಿತೆಂಬುದನ್ನೂ ನೋಡಬೇಕು.

ಸ್ನಾತಕೋತ್ತರ ಶಿಕ್ಷಣಕ್ಕೆ ಮಾನ್ಯತೆಯು ಇದರ ಬೆನ್ನಲ್ಲಿಯೇ ಬಂದಿತು. ಮೇಲೆ ಹೇಳಿದ ಮಂಡಲಿಯು ತರುಣ ವೈದ್ಯರ ಮೊದಲ ವರ್ಷದ ಶಿಕ್ಷಣಕ್ಕೆ ತಕ್ಕ ಆಸ್ಪತ್ರೆಗಳ ಪಟ್ಟಿಯನ್ನು ೧೯೧೪ರಲ್ಲಿಯೂ, ರೆಸಿಡೆಂಟರ ಶಿಕ್ಷಣಕ್ಕೆ ತಕ್ಕವುಗಳ ಪಟ್ಟಿಯನ್ನು ೧೯೨೭ರಲ್ಲಿಯೂ ಪ್ರಕಟಿಸಿತು. ಮಂಚಗಳೆಷ್ಟು, ಪುಸ್ತಕಗಳೆಷ್ಟು, ಬೋಧಕರೆಷ್ಟು ಎಂಬಂತಹ ಎಣಿಕೆಯು ಈ ಬಗೆಯ ಪಟ್ಟಿಗಳ ಆಧಾರವಾಗಿ ಬೆಳೆಯಿತು. ಈ ಎಣಿಕೆಯು ಅನಾವಶ್ಯಕವೆಂದಲ್ಲ; ಒಲೆಯೂ ಪಾತ್ರೆಯೂ ಇಲ್ಲದ ಮನೆಯಲ್ಲಿ ಅಡುಗೆಯಾಗದು. ಆದರೆ ಒಲೆಯನ್ನೂ ಪಾತ್ರೆಯನ್ನೂ ಎಣಿಸಿ, ಊಟವು ಹೇಗಿದ್ದಿತೆಂದು ಉಂಡವನನ್ನು ಕೇಳದೆಯೇ ಹೊರಟುಹೋಗುವುದು ಎಂತಹ ಪರೀಕ್ಷೆ?

ಈ ಪ್ರಶ್ನೆಯನ್ನು ಅಂದೇ ಕೇಳಿದ ಒಬ್ಬನುಂಟು. ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಆಮರಿ ಕಾಡ್‌ಮನ್ ಎಂಬುವನೇ ಆತ. ಆತನ ಮತವು ಅತಿ ಸರಳವಾದುದು: ಪ್ರತಿಯೊಂದು ಆಸ್ಪತ್ರೆಯೂ ತಾನು ಚಿಕಿತ್ಸೆ ಮಾಡಿದ ಪ್ರತಿಯೊಬ್ಬ ರೋಗಿಯ ಹೆಸರಿನಲ್ಲಿ ಒಂದು ಚೀಟಿಯನ್ನಿಟ್ಟು, ಅವನು ಮನೆಗೆ ಹೋದ ಮೇಲೂ ಅವನ ಜಾಡನ್ನು ಹಿಡಿದು, ಚಿಕಿತ್ಸೆ ಫಲಿಸಿತೇ, ಫಲಿಸದಿದ್ದರೆ ಏಕೆ ಎಂದು ಬರೆಯಬೇಕು. ಇದನ್ನು ಆತನು ‘ಅಂತಿಮ ಫಲ’ವೆಂದು ಕರೆದನು. ತಾನಿದ್ದ ದೊಡ್ಡ ಆಸ್ಪತ್ರೆಯು ಈ ಮಾತಿಗೆ ಕಿವಿಗೊಡದಿದ್ದುದರಿಂದ ೧೯೧೪ರಲ್ಲಿ ಅಲ್ಲಿಯ ಹುದ್ದೆಯನ್ನು ಬಿಟ್ಟನು. ತನ್ನ ಸ್ವಂತ ಚಿಕ್ಕ ಆಸ್ಪತ್ರೆಯಲ್ಲಿ ೧೯೧೧ರಿಂದ ೧೯೧೬ರ ವರೆಗೆ ಬಿಡುಗಡೆ ಹೊಂದಿದ ೩೩೭ ರೋಗಿಗಳ ಲೆಕ್ಕವನ್ನಿಟ್ಟು, ಅವರಲ್ಲಿ ೧೨೩ ದೋಷಗಳು ಸಂಭವಿಸಿದುವೆಂದು ತಾನೇ ಅಚ್ಚು ಹಾಕಿಸಿ ಲೋಕಕ್ಕೆ ಹಂಚಿದನು. ತನ್ನ ತಪ್ಪನ್ನು ತಾನೇ ಎಣಿಸುವ ವೈದ್ಯನನ್ನು ಆ ಕಾಲವು ಮೆಚ್ಚಲಿಲ್ಲ. ೧೯೪೦ರಲ್ಲಿ ತೀರಿಹೋದ ಆತನ ಸಮಾಧಿಗೆ ಹೆಸರಿನ ಕಲ್ಲು ಬಿದ್ದುದು ೨೦೧೪ರಲ್ಲಿ.

ಆತನ ವಿಚಾರವು ಮಾತ್ರ ನಾಶವಾಗಲಿಲ್ಲ. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಎಂಬ ಶಸ್ತ್ರವೈದ್ಯರ ಸಂಘವು ಆಸ್ಪತ್ರೆಗಳಿಗೆ ಕನಿಷ್ಠ ಮಟ್ಟವೊಂದನ್ನು ಗೊತ್ತುಮಾಡಿ, ನೂರು ಮಂಚಗಳಿಗೆ ಕಡಿಮೆಯಿಲ್ಲದ ೬೯೨ ಆಸ್ಪತ್ರೆಗಳನ್ನು ಪರಿಶೀಲಿಸಿತು. ಆ ಕನಿಷ್ಠ ಮಟ್ಟವನ್ನು ಮುಟ್ಟಿದವು ೮೯ ಮಾತ್ರ. ಮುಟ್ಟದವುಗಳಲ್ಲಿ ದೇಶದ ಅತಿಪ್ರಸಿದ್ಧವಾದ ಆಸ್ಪತ್ರೆಗಳೂ ಇದ್ದುವು. ೧೯೧೯ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಸಭೆ ಸೇರಿದ್ದ ಸಂಘದ ಮುಖ್ಯರು ಹೆಸರುಗಳ ಪಟ್ಟಿಯು ಪತ್ರಿಕೆಗಳ ಕೈಗೆ ಸಿಕ್ಕೀತೆಂದು ಹೆದರಿ, ತಾವು ಇಳಿದಿದ್ದ ಹೋಟೆಲಿನ ಕುಲುಮೆಯಲ್ಲಿ ಅದನ್ನು ಸುಟ್ಟುಹಾಕಿದರು. ಸತ್ಯವನ್ನು ಕಂಡುಹಿಡಿಯುವುದು ಒಂದು ಕೆಲಸ, ಅದನ್ನು ಸಹಿಸುವುದು ಇನ್ನೊಂದು. ಮಾನ್ಯತೆಯ ಚರಿತ್ರೆಯಲ್ಲಿ ಎರಡನೆಯದೇ ಕಷ್ಟತರವಾದುದೆಂಬುದಕ್ಕೆ ಈ ಬೂದಿಯೇ ಸಾಕ್ಷಿ.

ಇಲ್ಲಿಂದ ಅರುವತ್ತು ವರ್ಷಗಳ ಕಾಲ ನಡೆದುದು ಸ್ಥಾಲೀಪುಲಾಕ ನ್ಯಾಯದ ಪರೀಕ್ಷೆ. ಪಾತ್ರೆಯ ಒಂದು ಅಗುಳನ್ನು ಹಿಸುಕಿ ಅನ್ನವೆಲ್ಲ ಬೆಂದಿತೆಂದು ತಿಳಿಯುವ ನ್ಯಾಯವಿದು. ಅನ್ನಕ್ಕೆ ಇದು ಸಲ್ಲುವುದು, ಏಕೆಂದರೆ ಅಗುಳಿಗೆ ತಾನು ಪರೀಕ್ಷಿಸಲ್ಪಡುವೆನೆಂಬ ಅರಿವಿಲ್ಲ. ಮನುಷ್ಯರ ಸಂಸ್ಥೆಗೆ ಆ ಅರಿವುಂಟು. ತನಿಖೆಯ ಸಾಹೇಬರು ಬರುವ ವಾರದಲ್ಲಿ ಶಾಲೆಯ ಗೋಡೆಗೆ ಸುಣ್ಣ ಬೀಳುವುದನ್ನು ಅಧ್ಯಾಪಕ ವೃತ್ತಿಯಲ್ಲಿದ್ದವರೆಲ್ಲರೂ ಬಲ್ಲರು. ಬೆಂದ ಅಗುಳನ್ನೇ ಮೇಲಕ್ಕೆ ತಂದಿಟ್ಟ ಪಾತ್ರೆಯಿಂದ ಅನ್ನದ ಹದವನ್ನು ತಿಳಿಯುವುದು ಹೇಗೆ?

ಒಳಗಿನ ಅಗುಳು ಬೇಯದಿದ್ದುದು ೧೯೮೪ನೆಯ ಇಸವಿಯ ಮಾರ್ಚಿಯಲ್ಲಿ ಬಯಲಿಗೆ ಬಂದಿತು. ನ್ಯೂಯಾರ್ಕ್ ನಗರದ ಒಂದು ಪ್ರಸಿದ್ಧ ಆಸ್ಪತ್ರೆಗೆ ಲಿಬ್ಬಿ ಜಯಾನ್ ಎಂಬ ಹದಿನೆಂಟು ವರ್ಷದ ಕನ್ಯೆಯು ಜ್ವರದಿಂದ ರಾತ್ರಿ ಸೇರಿದಳು, ಬೆಳಗಾಗುವಷ್ಟರಲ್ಲಿ ತೀರಿಹೋದಳು. ಅವಳನ್ನು ನೋಡಿಕೊಂಡವರು ಇನ್ನೂ ಶಿಕ್ಷಣದಲ್ಲಿದ್ದ, ದೀರ್ಘಕಾಲದ ಪಾಳಿಯಲ್ಲಿದ್ದ ತರುಣ ವೈದ್ಯರು. ಹಿರಿಯ ವೈದ್ಯರು ದೂರವಾಣಿಯಲ್ಲಿ ಮಾತ್ರ ದೊರೆತಿದ್ದರು. ಅವಳು ಮೊದಲೇ ಸೇವಿಸುತ್ತಿದ್ದ ಔಷಧಕ್ಕೂ ಅಲ್ಲಿ ಕೊಟ್ಟ ಔಷಧಕ್ಕೂ ವಿರೋಧವಿದ್ದಿತು. ವಿಚಾರಣೆ ನಡೆಸಿದ ಪಂಚಾಯಿತರು ವೈದ್ಯರ ಮೇಲೆ ಕೊಲೆಯ ಆರೋಪವನ್ನು ಹೊರಿಸದೆ, ಶಿಕ್ಷಣದ ಕ್ರಮವನ್ನೇ ಆಕ್ಷೇಪಿಸಿದರು. ವೈದ್ಯ ಬರ್‌ಟ್ರಂಡ್ ಬೆಲ್ಲರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ೧೯೮೯ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ರೆಸಿಡೆಂಟರ ದುಡಿಮೆಯನ್ನು ವಾರಕ್ಕೆ ೮೦ ಗಂಟೆಗಳಿಗೂ, ಒಂದೇ ಸಮನೆ ೨೪ ಗಂಟೆಗಳಿಗೂ ಮಿತಿಗೊಳಿಸಿತು; ಹಿರಿಯರ ಮೇಲ್ವಿಚಾರಣೆಯನ್ನೂ ವಿಧಿಸಿತು. ೧೯೮೧ರಲ್ಲಿ ಸ್ಥಾಪಿತವಾಗಿದ್ದ ಸ್ನಾತಕೋತ್ತರ ವೈದ್ಯಶಿಕ್ಷಣದ ಮಾನ್ಯತಾ ಮಂಡಲಿಯು ೮೦ ಗಂಟೆಗಳ ನಿಯಮವನ್ನು ದೇಶಕ್ಕೆಲ್ಲ ಅನ್ವಯಿಸಿದುದು ೨೦೦೩ರಲ್ಲಿ.

ನಿಯಮದಿಂದ ರೋಗಿಗೆ ಹಿತವಾಯಿತೇ? ಈ ಪ್ರಶ್ನೆಯನ್ನು ಕೇಳಿದುದೇ ಈ ಚರಿತ್ರೆಯಲ್ಲಿ ಹೊಸ ಅಧ್ಯಾಯ. ಮೊದಲ ವರ್ಷದವರಿಗೆ ೨೦೧೧ರಲ್ಲಿ ಒಂದೇ ಸಮನೆ ೧೬ ಗಂಟೆಗಳೆಂದು ಮಿತಿ ಬಂದಿದ್ದಿತು. ಶಸ್ತ್ರಚಿಕಿತ್ಸೆಯ ೧೧೭ ಶಿಕ್ಷಣಕ್ರಮಗಳನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಪಾಳಿಯ ನಿಯಮವನ್ನು ಬಿಗಿಯಾಗಿಯೂ ಇನ್ನೊಂದಕ್ಕೆ ಸಡಿಲವಾಗಿಯೂ ಇಟ್ಟು ನೋಡಿದ ಪ್ರಯೋಗವು ೨೦೧೬ರಲ್ಲಿ ಪ್ರಕಟವಾಯಿತು. ಸಡಿಲಗೊಳಿಸಿದ ಭಾಗದಲ್ಲಿ ರೋಗಿಗಳ ಗತಿಯು ಹೆಚ್ಚು ಕೆಟ್ಟುದಾಗಿ ಕಾಣಲಿಲ್ಲ. ೨೦೧೭ರಲ್ಲಿ ಆ ಮಿತಿಯು ಮತ್ತೆ ೨೪ ಗಂಟೆಗಳಿಗೆ ಹೋಯಿತು. ಇದರಿಂದ ನಿದ್ರೆಯು ಅನಗತ್ಯವೆಂದು ತಿಳಿಯಬಾರದು. ಪಾಳಿಯು ಚಿಕ್ಕದಾದಷ್ಟೂ ರೋಗಿಯು ಕೈಯಿಂದ ಕೈಗೆ ಹೆಚ್ಚು ಸಲ ದಾಟಬೇಕಾಗುವುದು. ಹಾಗೆ ದಾಟುವಾಗ ಮಾತು ಸೋರಿಹೋದರೆ, ನಿದ್ರೆಯಿಂದಾದ ಲಾಭವು ಮರೆವಿನಿಂದ ನಷ್ಟವಾಗುವುದು. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲವಾಗುವ ನೊಗವಿದು.

ಆ ಸೋರಿಕೆಯನ್ನೇ ಹಿಡಿದು ಮಾಡಿದ ಕೆಲಸವು ನಿರಂತರ ಸುಧಾರಣೆಯೆಂದರೇನೆಂಬುದಕ್ಕೆ ಉತ್ತಮ ನಿದರ್ಶನ. ಉತ್ತರ ಅಮೆರಿಕದ ಒಂಬತ್ತು ಶಿಶುವೈದ್ಯ ಶಿಕ್ಷಣಕೇಂದ್ರಗಳಲ್ಲಿ, ಪಾಳಿ ಮುಗಿಸುವ ವೈದ್ಯನು ಬರುವ ವೈದ್ಯನಿಗೆ ರೋಗಿಯನ್ನು ಒಪ್ಪಿಸುವ ಕ್ರಮವನ್ನು ಕಟ್ಟುಮಾಡಿ ಕಲಿಸಿದರು: ರೋಗದ ತೀವ್ರತೆಯೆಷ್ಟು, ಇದುವರೆಗಿನ ವೃತ್ತಾಂತವೇನು, ಮಾಡಬೇಕಾದುದೇನು, ಹೀಗಾದರೆ ಏನು ಮಾಡಬೇಕು ಎಂಬುದನ್ನು ಹೇಳಬೇಕು, ಕೇಳಿದವನು ಅದನ್ನೇ ತಿರುಗಿ ಒಪ್ಪಿಸಬೇಕು. ಪಾಠಶಾಲೆಯಲ್ಲಿ ಗುರುವು ಹೇಳಿದುದನ್ನು ಶಿಷ್ಯನು ಅನುವಚನ ಮಾಡುವಂತೆಯೇ ಇದು. ಮೊದಲೂ ಅನಂತರವೂ ತಪ್ಪುಗಳನ್ನೆಣಿಸಿ ೨೦೧೪ರಲ್ಲಿ ಪ್ರಕಟಿಸಿದ ಫಲವೇನೆಂದರೆ, ಚಿಕಿತ್ಸೆಯ ದೋಷಗಳು ನೂರಕ್ಕೆ ೨೩ರಷ್ಟೂ, ತಪ್ಪಿಸಬಹುದಾಗಿದ್ದ ಅಪಾಯಗಳು ನೂರಕ್ಕೆ ೩೦ರಷ್ಟೂ ಇಳಿದುವು. ಹೊಸ ಕಟ್ಟಡವಿಲ್ಲ, ಹೊಸ ಯಂತ್ರವಿಲ್ಲ. ದೋಷವನ್ನು ಎಣಿಸಿದರು, ಕಾರಣವನ್ನು ಹುಡುಕಿದರು, ಒಂದನ್ನು ಬದಲಿಸಿದರು, ಮತ್ತೆ ಎಣಿಸಿದರು. ಈ ಚಕ್ರವು ಕಾರ್ಖಾನೆಗಳ ವಿದ್ಯೆಯಿಂದ ಬಂದುದು. ವೈದ್ಯರಿಗೆ ಇದನ್ನು ಒಪ್ಪಿಸಲು ಡೊನಾಲ್ಡ್ ಬರ್ವಿಕ್ ೧೯೮೯ರಲ್ಲಿ ಬರೆದ ಲೇಖನವು ಪ್ರಸಿದ್ಧವಾಗಿದೆ. ಕೆಟ್ಟವರನ್ನು ಹುಡುಕಿ ಹೊರಹಾಕುವುದಕ್ಕಿಂತ, ಕೆಲಸ ನಡೆಯುವ ಕ್ರಮವನ್ನೇ ತಿದ್ದುತ್ತ ಹೋಗುವುದು ಮೇಲೆಂಬುದು ಅದರ ಸಾರ.

ಇಷ್ಟರಲ್ಲಿ ಕಾಡ್‌ಮನ್ನನ ಹಳೆಯ ಪ್ರಶ್ನೆಗೆ ದೊಡ್ಡ ಪ್ರಮಾಣದಲ್ಲಿ ಉತ್ತರವು ದೊರೆತಿದ್ದಿತು. ಡೇವಿಡ್ ಆಶ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನ್ಯೂಯಾರ್ಕ್ ಮತ್ತು ಫ್ಲಾರಿಡ ಸಂಸ್ಥಾನಗಳ ಸುಮಾರು ೪೯ ಲಕ್ಷ ಹೆರಿಗೆಗಳನ್ನೂ, ಅವನ್ನು ಮಾಡಿಸಿದ ಪ್ರಸೂತಿವೈದ್ಯರನ್ನೂ, ಆ ವೈದ್ಯರು ಕಲಿತ ೧೦೭ ಶಿಕ್ಷಣಕ್ರಮಗಳನ್ನೂ ಜೋಡಿಸಿ ನೋಡಿದರು. ಶಿಕ್ಷಣಕ್ರಮಗಳನ್ನು ಐದು ತರಗತಿಗಳಾಗಿ ಮಾಡಿದಾಗ, ಮೇಲಿನ ತರಗತಿಯಲ್ಲಿ ಕಲಿತವರ ಕೈಯಲ್ಲಿ ತಾಯಂದಿರಿಗೆ ದೊಡ್ಡ ಉಪದ್ರವಗಳು ನೂರಕ್ಕೆ ೧೦.೩, ಕೆಳಗಿನ ತರಗತಿಯವರ ಕೈಯಲ್ಲಿ ನೂರಕ್ಕೆ ೧೩.೬. ವೈದ್ಯರು ಪರೀಕ್ಷೆಗಳಲ್ಲಿ ಪಡೆದಿದ್ದ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರವು ಅಳಿಯಲಿಲ್ಲ. ಕಲಿತು ಹೊರಬಂದು ವರ್ಷಗಳಾದರೂ ಶಾಲೆಯ ಗುಣವೂ ದೋಷವೂ ಶಿಷ್ಯನ ಕೈಯಲ್ಲಿ ನಿಂತಿದ್ದುವು. ಮೇಲಿನ ಶಾಲೆಯ ಗೋಡೆಯ ಮೇಲೂ ಕೆಳಗಿನ ಶಾಲೆಯ ಗೋಡೆಯ ಮೇಲೂ ತೂಗುತ್ತಿದ್ದ ಮಾನ್ಯತೆಯ ಪತ್ರವು ಈ ಅಂತರವನ್ನು ಯಾರಿಗೂ ಹೇಳಿರಲಿಲ್ಲ. ಹೌದು ಅಥವಾ ಅಲ್ಲ ಎಂಬ ಎರಡೇ ಮಾತನ್ನು ಬಲ್ಲ ಮಾನ್ಯತೆಯು ಬಾಗಿಲ ಕಾವಲುಗಾರನಾದೀತೇ ಹೊರತು ಮನೆಯ ಹಿರಿಯನಾಗಲಾರದು.

ಮೇಲೆ ಹೇಳಿದ ಮಾನ್ಯತಾ ಮಂಡಲಿಯು ತಾನೂ ಈ ದಾರಿಯಲ್ಲಿ ನಡೆದಿದೆ. ರೋಗಿಯ ಶುಶ್ರೂಷೆ, ವೈದ್ಯಜ್ಞಾನ, ತನ್ನ ಕೆಲಸದಿಂದಲೇ ಕಲಿತು ತಿದ್ದಿಕೊಳ್ಳುವುದು, ಮಾತುಕತೆಯ ನಡೆವಳಿ, ವೃತ್ತಿಧರ್ಮ, ಆಸ್ಪತ್ರೆಯ ವ್ಯವಸ್ಥೆಯ ಅರಿವು ಎಂಬ ಆರು ಸಾಮರ್ಥ್ಯಗಳನ್ನು ೧೯೯೯ರಲ್ಲಿ ಗೊತ್ತುಮಾಡಿತು. ೨೦೧೩ರಿಂದ ಜಾರಿಗೆ ತಂದ ಹೊಸ ಕ್ರಮದಲ್ಲಿ, ಕೆಲವು ವರ್ಷಗಳಿಗೊಮ್ಮೆ ಬಂದು ನೋಡುವುದರ ಬದಲು ಪ್ರತಿ ವರ್ಷವೂ ಶಿಷ್ಯರ ಮತ್ತು ಬೋಧಕರ ಅಭಿಪ್ರಾಯವನ್ನೂ, ಶಿಷ್ಯರ ಪ್ರಗತಿಯ ಮೆಟ್ಟಿಲುಗಳನ್ನೂ ತರಿಸಿ ನೋಡುವ ಪದ್ಧತಿಯು ಬಂದಿದೆ.

ನಮ್ಮ ದೇಶದ ಕಡೆಗೆ ತಿರುಗೋಣ. ಹಿಂದೆ ನಮ್ಮವರು ಉನ್ನತ ವೈದ್ಯಪದವಿಗಳಿಗಾಗಿ ಲಂಡನ್ನು ಎಡಿನ್‌ಬರೊಗಳಿಗೆ ಹಡಗು ಹತ್ತುತ್ತಿದ್ದರು. ನಮ್ಮ ವಿಶ್ವವಿದ್ಯಾನಿಲಯಗಳ ವೈದ್ಯ ಪದವಿಗಳಿಗೆ ಕೊಟ್ಟಿದ್ದ ಮನ್ನಣೆಯನ್ನು ಬ್ರಿಟನ್ನಿನ ವೈದ್ಯ ಮಂಡಲಿಯು ೧೯೩೦ರಲ್ಲಿ ಹಿಂತೆಗೆದುಕೊಂಡಿತು. ೧೯೩೩ರ ಶಾಸನದಿಂದ ಭಾರತೀಯ ವೈದ್ಯಕೀಯ ಪರಿಷತ್ತು ಹುಟ್ಟಿತು. ಸ್ವಾತಂತ್ರ್ಯಾನಂತರ ಉನ್ನತ ಶಿಕ್ಷಣಕ್ಕೆ ಬೆಂಗಳೂರಿನಲ್ಲಿ ೧೯೫೪ರಲ್ಲಿ ಮಾನಸಿಕ ಆರೋಗ್ಯದ ಅಖಿಲ ಭಾರತ ಸಂಸ್ಥೆಯೂ, ೧೯೫೬ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯೂ, ೧೯೬೨ರಲ್ಲಿ ಚಂಡೀಗಢದ ಸಂಸ್ಥೆಯೂ ಏರ್ಪಟ್ಟುವು. ಹೊಸದಾದ ೧೯೫೬ರ ಶಾಸನದ ಮೇರೆಗೆ ಪರಿಷತ್ತು ಅರ್ಧ ಶತಮಾನಕ್ಕೂ ಮಿಕ್ಕಿ ಕಾಲೇಜುಗಳನ್ನು ತನಿಖೆ ಮಾಡಿತು. ಆ ತನಿಖೆಗಳು ಕಟ್ಟಡಗಳನ್ನೂ ಬೋಧಕರ ಸಂಖ್ಯೆಯನ್ನೂ ನೋಡುವುವೇ ಹೊರತು ಬೋಧನೆಯನ್ನೂ ಕೈಚಳಕದ ಶಿಕ್ಷಣವನ್ನೂ ಗಮನಿಸುವುದಿಲ್ಲವೆಂಬ ಆಕ್ಷೇಪವನ್ನು ೨೦೧೬ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯ ವರದಿಯು ಎತ್ತಿ ಹೇಳಿತು. ೨೦೧೯ರ ಶಾಸನದ ಮೇರೆಗೆ ೨೦೨೦ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪರಿಷತ್ತಿನ ಸ್ಥಾನಕ್ಕೆ ಬಂದಿತು. ಅದರಲ್ಲಿ ಸ್ನಾತಕೋತ್ತರ ಶಿಕ್ಷಣಕ್ಕೆ ಒಂದು, ಸಂಸ್ಥೆಗಳನ್ನು ಅಳೆದು ತರಗತಿ ಕಟ್ಟುವುದಕ್ಕೆ ಒಂದು, ಹೀಗೆ ಬೇರೆ ಬೇರೆ ಮಂಡಲಿಗಳು ಇವೆ. ಈ ಆಯೋಗವೂ ಪರೀಕ್ಷೆಗೆ ಒಳಗಾಗಿ, ವೈದ್ಯಶಿಕ್ಷಣದ ಜಾಗತಿಕ ಒಕ್ಕೂಟದಿಂದ ೨೦೨೩ರಲ್ಲಿ ಹತ್ತು ವರ್ಷಗಳ ಮನ್ನಣೆಯನ್ನು ಪಡೆಯಿತು.

ಕಾಗದದ ಮೇಲಿನ ನಿಯಮಕ್ಕೆ ನಮ್ಮಲ್ಲಿ ಕೊರತೆಯಿರಲಿಲ್ಲ. ರೆಸಿಡೆಂಟರ ಸತತ ದುಡಿಮೆಯು ಸಾಮಾನ್ಯವಾಗಿ ದಿನಕ್ಕೆ ೧೨ ಗಂಟೆಗಳನ್ನು ಮೀರಬಾರದೆಂದು ಕೇಂದ್ರ ಸರ್ಕಾರದ ೧೯೯೨ರ ಆದೇಶವು ಹೇಳಿದ್ದಿತು. ಆದರೂ ೨೦೨೩ರ ಸ್ನಾತಕೋತ್ತರ ನಿಯಮಗಳು ವಿದ್ಯಾರ್ಥಿಗೆ ಯುಕ್ತವಾದ ದುಡಿಮೆಯ ಅವಧಿಯೂ ವಿಶ್ರಾಂತಿಯೂ ಇರಬೇಕೆಂದು ಮತ್ತೆ ಬರೆಯಬೇಕಾಯಿತು. ಅದೇ ನಿಯಮಗಳ ಮೇರೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತ ಕಲಿಯಬೇಕಾಗಿದೆ. ಆದುದರಿಂದ ಈ ವಿಷಯವು ದೂರದ ಬಾಸ್ಟನ್ನಿನ ಕಥೆಯಾಗಿ ಉಳಿದಿಲ್ಲ. ಜಿಲ್ಲಾ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಪ್ರತಿಯೊಬ್ಬನಿಗೂ ಸಂಬಂಧಿಸಿದೆ.

ಬೋಧಕರು ಹಾಜರಿದ್ದಾರೆಯೇ ಎಂಬುದನ್ನು ಬೆರಳಚ್ಚಿನಿಂದಲೋ ಮುಖಚಿತ್ರದಿಂದಲೋ ತಿಳಿಯಬಹುದು. ತಿಳಿಯುವುದು ಅವಶ್ಯಕವೂ ಅಹುದು. ಆದರೆ ಅವರು ಶಿಷ್ಯನ ಪಕ್ಕದಲ್ಲಿ ನಿಂತು ಅವನ ಕೈಯನ್ನು ತಿದ್ದಿದರೇ ಎಂಬುದನ್ನು ಆ ಯಂತ್ರವು ಹೇಳದು. ಅದನ್ನು ಹೇಳಬಲ್ಲುದು ರೋಗಿಯ ಅಂತಿಮ ಫಲವೊಂದೇ. ನಮ್ಮ ಶಿಕ್ಷಣಾಸ್ಪತ್ರೆಗಳ ಒಂದೊಂದು ವಿಭಾಗವೂ, ಶಿಷ್ಯರ ಕೈಯಲ್ಲಿ ಚಿಕಿತ್ಸೆ ಹೊಂದಿದ ರೋಗಿಗಳು ಒಂದು ವರ್ಷದ ಮೇಲೆ ಹೇಗಿರುವರೆಂಬ ಲೆಕ್ಕವನ್ನಿಟ್ಟು, ಅದನ್ನು ಶಿಷ್ಯರ ಮುಂದೆಯೇ ಓದಿ, ಒಂದೊಂದು ದೋಷಕ್ಕೂ ಕಾರಣವನ್ನು ಹುಡುಕುವ ಪದ್ಧತಿಯನ್ನು ಹಿಡಿದರೆ, ಮಾನ್ಯತೆಯ ತನಿಖೆಗಾರರಿಗೆ ನೋಡಲು ಸುಣ್ಣದ ಗೋಡೆಗಿಂತ ಉತ್ತಮವಾದುದು ದೊರೆಯುವುದು. ಆ ಲೆಕ್ಕದಲ್ಲಿ ದೋಷವನ್ನು ಬರೆದವನಿಗೆ ದಂಡನೆಯಾಗಬಾರದು, ಬರೆಯದವನನ್ನೇ ಪ್ರಶ್ನಿಸಬೇಕು. ಇಲ್ಲವಾದರೆ ೧೯೧೯ರ ಕುಲುಮೆಯು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಉರಿಯುತ್ತಲೇ ಇರುವುದು.

ಚರಕಸಂಹಿತೆಯು ವೈದ್ಯರಲ್ಲಿ ಎರಡು ಬಗೆಯನ್ನು ಹೇಳುತ್ತದೆ: ಪ್ರಾಣವನ್ನು ಕಾಯುವವರು, ರೋಗವನ್ನು ಬೆಳೆಸುವವರು. ಇಬ್ಬರ ಉಡುಪೂ ಒಂದೇ, ಈಚೆಗೆ ಇಬ್ಬರ ಪದವಿಯೂ ಒಂದೇ. ರೋಗದಿಂದ ಬಳಲುವವನಿಗೆ ಇಬ್ಬರಲ್ಲಿ ವ್ಯತ್ಯಾಸವನ್ನು ಹುಡುಕುವ ಶಕ್ತಿಯೂ ಇಲ್ಲ, ವ್ಯವಧಾನವೂ ಇಲ್ಲ. ಆ ಕೆಲಸವನ್ನು ಅವನ ಪರವಾಗಿ, ಅವನು ಬಾಗಿಲಿಗೆ ಬರುವ ಮೊದಲೇ, ಯಾರಾದರೂ ಮಾಡಿಟ್ಟಿರಬೇಕು. ಶಾಲೆಗಳ ಪರೀಕ್ಷೆಗೆ ಇದಕ್ಕಿಂತ ಬೇರೆ ಪ್ರಯೋಜನವಿಲ್ಲ.